ಮಧುಮೇಹಿ ಬೆಕ್ಕಿನ ಆಹಾರ ಬದಲಾವಣೆ

ಮಧುಮೇಹಿ ಬೆಕ್ಕಿನ ಆಹಾರ ಬದಲಾವಣೆ ಎಂದರೆ ಸಕ್ಕರೆ ಕಾಯಿಲೆ ಇರುವ ಸಾಕುಬೆಕ್ಕನ್ನು ಪಿಷ್ಟ ಹೆಚ್ಚಾಗಿರುವ ಒಣ ಆಹಾರದಿಂದ, ಮಾಂಸದ ಅಂಶ ಮತ್ತು ನೀರಿನ ಅಂಶ ಹೆಚ್ಚಾಗಿರುವ ತೇವ ಆಹಾರಕ್ಕೆ ಹಂತಹಂತವಾಗಿ ಒಗ್ಗಿಸುವ ಕ್ರಮ. ಇದು ಇನ್ಸುಲಿನ್ ಚಿಕಿತ್ಸೆಗೆ ಪೂರಕವಾದ ಕ್ರಮವೇ ಹೊರತು ಅದಕ್ಕೆ ಬದಲಿಯಲ್ಲ. ರೋಗವನ್ನು ಬೇಗನೆ ಗುರುತಿಸಿ, ಇನ್ಸುಲಿನ್ ಮತ್ತು ಆಹಾರ ಎರಡನ್ನೂ ಸರಿಯಾಗಿ ಹೊಂದಿಸಿದಾಗ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನಿನ ಅಗತ್ಯವೇ ಇಲ್ಲದಂತಾಗುತ್ತದೆ.

ಆದರೆ ಈ ಬದಲಾವಣೆಯನ್ನು ಅವಸರದಿಂದ ಮಾಡಿದರೆ ಎರಡು ಅಪಾಯಗಳಿವೆ. ಪಿಷ್ಟ ಕಡಿಮೆಯಾದ ಮೇಲೂ ಇನ್ಸುಲಿನ್ ಪ್ರಮಾಣ ಹಿಂದಿನಷ್ಟೇ ಇದ್ದರೆ ರಕ್ತದ ಸಕ್ಕರೆ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಹೊಸ ಆಹಾರವನ್ನು ಮೂಸಿಯೂ ನೋಡದ ಬೆಕ್ಕು ಉಪವಾಸವಿದ್ದರೆ ಅದರ ಯಕೃತ್ತು ಕೆಡಬಹುದು. ಆದುದರಿಂದ ಬೆಕ್ಕು ಪ್ರತಿದಿನವೂ ಸಾಕಷ್ಟು ತಿನ್ನುವುದು ಮೊದಲನೆಯ ಅಗತ್ಯ. ಅದು ಯಾವ ಆಹಾರವನ್ನು ತಿನ್ನುತ್ತದೆ ಎಂಬುದು ಎರಡನೆಯದು.

ಬೆಕ್ಕಿನ ದೇಹಪ್ರಕೃತಿ

ಬೆಕ್ಕು ಮಾಂಸವನ್ನೇ ಅವಲಂಬಿಸಿ ಬದುಕುವ ಪ್ರಾಣಿ. ನಾಯಿ ಮತ್ತು ಮನುಷ್ಯರಂತೆ ಅದು ಮಿಶ್ರಾಹಾರಿಯಲ್ಲ. ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ದೇಹವು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ದೊರೆಯದಿದ್ದರೆ ಕಣ್ಣಿನ ಅಕ್ಷಿಪಟಲವೂ ಹೃದಯದ ಸ್ನಾಯುವೂ ಹಾನಿಗೊಳ್ಳುತ್ತವೆ. ತರಕಾರಿಗಳಲ್ಲಿರುವ ಕೆರೋಟಿನ್‌ನಿಂದ ‘ಎ’ ಜೀವಸತ್ತ್ವವನ್ನು ತಯಾರಿಸಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಇವೆರಡೂ ಸಹಜವಾಗಿ ಪ್ರಾಣಿಮೂಲದ ಆಹಾರದಲ್ಲಿ ದೊರೆಯುತ್ತವೆ.

ಬೆಕ್ಕಿನ ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವವಿಲ್ಲ. ಊಟದ ನಂತರ ರಕ್ತಕ್ಕೆ ಬರುವ ಗ್ಲೂಕೋಸನ್ನು ಚುರುಕಾಗಿ ಬಳಸಿಕೊಳ್ಳಲು ನೆರವಾಗುವ ಗ್ಲುಕೋಕೈನೇಸ್ ಕಿಣ್ವದ ಚಟುವಟಿಕೆಯೂ ಅದರ ಯಕೃತ್ತಿನಲ್ಲಿ ಬಹಳ ಕಡಿಮೆ. ಬೇಯಿಸಿದ ಪಿಷ್ಟವನ್ನು ಬೆಕ್ಕು ಅರಗಿಸಿಕೊಳ್ಳಬಲ್ಲದಾದರೂ, ಅದು ಹೆಚ್ಚಾದಾಗ ರಕ್ತದ ಸಕ್ಕರೆ ಏರಿದ ಮಟ್ಟದಲ್ಲಿ ಬಹಳ ಹೊತ್ತು ಉಳಿಯುತ್ತದೆ. ಬೆಕ್ಕಿಗೆ ಸಿಹಿಯ ರುಚಿ ತಿಳಿಯುವುದಿಲ್ಲ; ಸಿಹಿಯನ್ನು ಗ್ರಹಿಸುವ ಗ್ರಾಹಕದ ಒಂದು ಜೀನ್ ಅದರಲ್ಲಿ ನಿಷ್ಕ್ರಿಯವಾಗಿರುವುದನ್ನು ವಿಜ್ಞಾನಿಗಳು 2005ರಲ್ಲಿ ತೋರಿಸಿದರು.

ಬೆಕ್ಕುಗಳಲ್ಲಿ ಮಧುಮೇಹ

ಬೆಕ್ಕುಗಳ ಮಧುಮೇಹವು ಬಹುಮಟ್ಟಿಗೆ ಮನುಷ್ಯರ ಎರಡನೆಯ ಬಗೆಯ ಮಧುಮೇಹವನ್ನು ಹೋಲುತ್ತದೆ. ದೇಹದ ಜೀವಕೋಶಗಳು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಕ್ರಮೇಣ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳೂ ಸೋಲುತ್ತವೆ. ಬೊಜ್ಜು, ಏಳು ವರ್ಷ ಮೀರಿದ ವಯಸ್ಸು, ಗಂಡು ಲಿಂಗ, ಸಂತಾನಹರಣ ಶಸ್ತ್ರಚಿಕಿತ್ಸೆ, ಮನೆಯೊಳಗೇ ಕಳೆಯುವ ನಿಶ್ಚಲ ಜೀವನ ಹಾಗೂ ಸ್ಟೀರಾಯ್ಡ್ ಔಷಧಗಳ ಬಳಕೆ ಇವು ರೋಗದ ಸಂಭವವನ್ನು ಹೆಚ್ಚಿಸುತ್ತವೆ. ಕೆಲವು ಬೆಕ್ಕುಗಳಲ್ಲಿ ಬೆಳವಣಿಗೆಯ ಹಾರ್ಮೋನು ಅತಿಯಾಗಿ ಸ್ರವಿಸುವುದೂ ಕಾರಣವಾಗಿರುತ್ತದೆ. ಒಣ ಆಹಾರವೊಂದೇ ಮಧುಮೇಹವನ್ನು ತರುತ್ತದೆ ಎಂಬುದು ಸಾಬೀತಾಗಿಲ್ಲ. ಆದರೆ ಬಟ್ಟಲಿನಲ್ಲಿ ಸದಾ ತುಂಬಿಟ್ಟ ಒಣ ಆಹಾರದಿಂದ ಬೆಕ್ಕು ಬೇಗ ಕೊಬ್ಬುತ್ತದೆ, ಮತ್ತು ಬೊಜ್ಜು ಇನ್ಸುಲಿನ್ನಿನ ಪರಿಣಾಮವನ್ನು ತಗ್ಗಿಸುತ್ತದೆ.

ಅತಿಯಾದ ಬಾಯಾರಿಕೆ, ಅತಿಮೂತ್ರ, ಹಸಿವು ಚೆನ್ನಾಗಿದ್ದರೂ ತೂಕ ಇಳಿಯುವುದು, ಮಂಕುತನ ಇವು ಮುಖ್ಯ ಲಕ್ಷಣಗಳು. ನರಗಳು ಹಾನಿಗೊಂಡಾಗ ಬೆಕ್ಕು ಹಿಂಗಾಲುಗಳ ಬೆರಳುಗಳ ಮೇಲೆ ನಡೆಯುವುದನ್ನು ಬಿಟ್ಟು ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತದೆ. ಬೆಕ್ಕಿನ ರಕ್ತದ ಸಕ್ಕರೆ ಭಯದಿಂದಲೂ ಏರುವುದರಿಂದ ಆಸ್ಪತ್ರೆಯಲ್ಲಿ ಮಾಡಿದ ಒಂದು ಪರೀಕ್ಷೆಯಿಂದಲೇ ರೋಗವನ್ನು ನಿರ್ಧರಿಸುವುದಿಲ್ಲ. ಮೂತ್ರದಲ್ಲಿ ಸಕ್ಕರೆ ಇದೆಯೇ ಎಂಬುದನ್ನೂ, ಹಿಂದಿನ ಒಂದೆರಡು ವಾರಗಳ ಸರಾಸರಿ ಸ್ಥಿತಿಯನ್ನು ಸೂಚಿಸುವ ಫ್ರಕ್ಟೋಸಮೀನ್ ಪ್ರಮಾಣವನ್ನೂ ಪಶುವೈದ್ಯರು ನೋಡುತ್ತಾರೆ.

ಒಣ ಆಹಾರ ಮತ್ತು ತೇವ ಆಹಾರ

ಕಾಳಿನಂತೆ ಗರಿಗರಿಯಾಗಿರುವ ಒಣ ಆಹಾರವನ್ನು ಹಿಟ್ಟಿನ ಮಿಶ್ರಣಕ್ಕೆ ಶಾಖ ಮತ್ತು ಒತ್ತಡ ಕೊಟ್ಟು ಅಚ್ಚಿನ ಮೂಲಕ ಹೊರಡಿಸಿ ತಯಾರಿಸುತ್ತಾರೆ. ಆ ಆಕಾರ ನಿಲ್ಲಲು ಅಕ್ಕಿ, ಜೋಳ, ಗೋಧಿ, ಬಟಾಣಿ ಅಥವಾ ಆಲೂಗಡ್ಡೆಯ ಪಿಷ್ಟ ಬೇಕಾಗುತ್ತದೆ. ಆದುದರಿಂದ ಧಾನ್ಯವಿಲ್ಲದ್ದು ಎಂದು ಪೊಟ್ಟಣದ ಮೇಲೆ ಬರೆದಿರುವ ಆಹಾರದಲ್ಲಿಯೂ ಪಿಷ್ಟ ಕಡಿಮೆ ಇರುತ್ತದೆಂದು ಭಾವಿಸಲಾಗದು. ಒಣ ಆಹಾರದಲ್ಲಿ ನೀರು ಸಾಮಾನ್ಯವಾಗಿ ಶೇ. 10ರೊಳಗೆ ಇರುತ್ತದೆ. ವೆಟ್ ಫುಡ್ ಎಂಬ ಹೆಸರಿನಲ್ಲಿ ಡಬ್ಬಿ ಅಥವಾ ಸಣ್ಣ ಚೀಲಗಳಲ್ಲಿ ದೊರೆಯುವ ತೇವ ಆಹಾರದಲ್ಲಿ ನೀರು ಶೇ. 75ರಿಂದ 80ರಷ್ಟು ಇರುತ್ತದೆ.

ಪೊಟ್ಟಣದ ಮೇಲೆ ಶರ್ಕರಪಿಷ್ಟದ ಪ್ರಮಾಣವನ್ನು ಸಾಮಾನ್ಯವಾಗಿ ಮುದ್ರಿಸಿರುವುದಿಲ್ಲ. ಪ್ರೋಟೀನ್, ಕೊಬ್ಬು, ನಾರು, ಬೂದಿ ಮತ್ತು ನೀರು ಇವುಗಳ ಶೇಕಡಾ ಪ್ರಮಾಣಗಳನ್ನು ಕೂಡಿಸಿ 100ರಿಂದ ಕಳೆದರೆ ಅದರ ಅಂದಾಜು ಸಿಗುತ್ತದೆ. ಮುಂದಿನ ಎರಡು ಲೆಕ್ಕಗಳು ಉದಾಹರಣೆಗಾಗಿ ಮಾತ್ರ.

• ಒಣ ಆಹಾರ: ಪ್ರೋಟೀನ್ 32, ಕೊಬ್ಬು 12, ನಾರು 4, ಬೂದಿ 8, ನೀರು 9. ಒಟ್ಟು 65. ಉಳಿದ 35 ಶರ್ಕರಪಿಷ್ಟ.

• ತೇವ ಆಹಾರ: ಪ್ರೋಟೀನ್ 10, ಕೊಬ್ಬು 5, ನಾರು 1, ಬೂದಿ 2, ನೀರು 80. ಒಟ್ಟು 98. ಉಳಿದ 2 ಶರ್ಕರಪಿಷ್ಟ.

ನೀರಿನ ಪ್ರಮಾಣ ಬೇರೆಬೇರೆಯಾಗಿರುವುದರಿಂದ 35 ಮತ್ತು 2 ಎಂಬ ಅಂಕಿಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಆಹಾರದ ಒಟ್ಟು ಶಕ್ತಿಯಲ್ಲಿ ಶರ್ಕರಪಿಷ್ಟದ ಪಾಲು ಎಷ್ಟೆಂದು ನೋಡಬೇಕು. ಒಂದು ಗ್ರಾಂ ಪ್ರೋಟೀನ್ ಅಥವಾ ಶರ್ಕರಪಿಷ್ಟಕ್ಕೆ 3.5, ಒಂದು ಗ್ರಾಂ ಕೊಬ್ಬಿಗೆ 8.5 ಕಿಲೋಕ್ಯಾಲರಿ ಎಂದು ಹಿಡಿಯುವುದು ರೂಢಿ. ಈ ಪ್ರಕಾರ ಮೇಲಿನ ಒಣ ಆಹಾರದ 100 ಗ್ರಾಂಗೆ ಸುಮಾರು 336 ಕಿಲೋಕ್ಯಾಲರಿ, ಅದರಲ್ಲಿ ಶೇ. 36ರಷ್ಟು ಶರ್ಕರಪಿಷ್ಟದಿಂದ ಬರುತ್ತದೆ. ತೇವ ಆಹಾರದ 100 ಗ್ರಾಂಗೆ ಸುಮಾರು 84 ಕಿಲೋಕ್ಯಾಲರಿ. ಅದರಲ್ಲಿ ಶರ್ಕರಪಿಷ್ಟದ ಪಾಲು ಶೇ. 8. ಮಧುಮೇಹಿ ಬೆಕ್ಕಿಗೆ ಈ ಪಾಲು ಶೇ. 12ರೊಳಗೆ ಇರುವುದು ಒಳ್ಳೆಯದೆಂದು ಪಶುವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ.

ಎಲ್ಲ ತೇವ ಆಹಾರಗಳೂ ಒಂದೇ ಬಗೆಯವಲ್ಲ. ಗಟ್ಟಿಯಾದ ಗೊಜ್ಜಿನಲ್ಲಿ ಮಾಂಸದ ತುಣುಕುಗಳಿರುವ ಕೆಲವು ಆಹಾರಗಳಲ್ಲಿ ಆ ಗೊಜ್ಜನ್ನು ಮಂದಗೊಳಿಸಲು ಪಿಷ್ಟ ಸೇರಿಸಿರುತ್ತಾರೆ. ನುಣ್ಣಗೆ ಅರೆದ ಮಾಂಸದ ಮುದ್ದೆಯಂತಹ ಆಹಾರಗಳಲ್ಲಿ ಅದು ಸಾಮಾನ್ಯವಾಗಿ ಕಡಿಮೆ. ಪೊಟ್ಟಣದ ಮೇಲೆ ‘ಸಂಪೂರ್ಣ ಆಹಾರ’ ಎಂದಿದೆಯೇ ‘ಪೂರಕ ಆಹಾರ’ ಎಂದಿದೆಯೇ ಎಂಬುದನ್ನೂ ಗಮನಿಸಬೇಕು. ಪೂರಕ ಆಹಾರವೊಂದರಿಂದಲೇ ಬೆಕ್ಕಿನ ಪೋಷಣೆ ಆಗದು.

ಬೆಕ್ಕು ಹೊಸ ಆಹಾರವನ್ನು ನಿರಾಕರಿಸಲು ಕಾರಣಗಳು

ಹೊಸ ಆಹಾರವನ್ನು ಮುಟ್ಟದ ಬೆಕ್ಕನ್ನು ಹಟಮಾರಿ ಎನ್ನುವುದು ವಾಡಿಕೆ. ವಾಸ್ತವದಲ್ಲಿ ಈ ನಡವಳಿಕೆಗೆ ಕಾರಣಗಳಿವೆ. ಮರಿಯಾಗಿದ್ದಾಗ ತಿಂದ ಆಹಾರದ ವಾಸನೆ, ಆಕಾರ ಮತ್ತು ಕಚ್ಚಿದಾಗಿನ ಅನುಭವ ಬೆಕ್ಕಿನ ಜೀವಮಾನದ ಅಭಿರುಚಿಯನ್ನು ರೂಪಿಸುತ್ತವೆ. ವರ್ಷಗಟ್ಟಲೆ ಗರಿಗರಿಯಾದುದನ್ನೇ ತಿಂದ ಬೆಕ್ಕಿಗೆ ಮೆತ್ತನೆಯ ಮುದ್ದೆ ಆಹಾರವೆಂದೇ ತೋರದಿರಬಹುದು.

ವಾಕರಿಕೆ ಇರುವಾಗ ಕೊಟ್ಟ ಆಹಾರವನ್ನು ಬೆಕ್ಕು ನೆನಪಿಟ್ಟುಕೊಂಡು ಮುಂದೆಯೂ ದೂರವಿಡುತ್ತದೆ. ಆದುದರಿಂದ ಬೆಕ್ಕು ಅಸ್ವಸ್ಥವಾಗಿರುವ ದಿನ ಹೊಸ ಆಹಾರವನ್ನು ಪರಿಚಯಿಸಬಾರದು. ಔಷಧವನ್ನೂ ಹೊಸ ಆಹಾರದಲ್ಲಿ ಬೆರೆಸಬಾರದು. ಶೀತಪೆಟ್ಟಿಗೆಯಿಂದ ತೆಗೆದ ತಣ್ಣನೆಯ ಆಹಾರಕ್ಕೆ ವಾಸನೆ ಕಡಿಮೆ. ವಾಸನೆಯಿಂದಲೇ ಆಹಾರವನ್ನು ಗುರುತಿಸುವ ಬೆಕ್ಕಿಗೆ ಅದು ರುಚಿಸದು. ಹಲ್ಲುನೋವು, ಒಸಡಿನ ಬಾವು ಮತ್ತು ಮೂಗು ಕಟ್ಟುವ ಸೋಂಕು ಇದ್ದರೂ ಬೆಕ್ಕು ಆಹಾರವನ್ನು ಬಿಡುತ್ತದೆ. ಹಿಂದೆ ಚೆನ್ನಾಗಿ ತಿನ್ನುತ್ತಿದ್ದ ಮಧುಮೇಹಿ ಬೆಕ್ಕು ಹಳೆಯ ಆಹಾರವನ್ನೂ ಬಿಟ್ಟರೆ ಅದು ರೋಗದ ಸೂಚನೆ.

ಬದಲಾವಣೆಗೆ ಮುನ್ನ

ಬೆಕ್ಕಿನ ತೂಕ, ದಿನಕ್ಕೆ ತಿನ್ನುವ ಆಹಾರದ ಪ್ರಮಾಣ ಮತ್ತು ಕುಡಿಯುವ ನೀರಿನ ಪ್ರಮಾಣವನ್ನು ಮೊದಲು ಒಂದು ವಾರ ಬರೆದಿಡುವುದು ಉಪಯುಕ್ತ. ಮೂತ್ರಪಿಂಡದ ಕಾಯಿಲೆ ಅಥವಾ ಮೇದೋಜೀರಕ ಗ್ರಂಥಿಯ ಉರಿಯೂತ ಇರುವ ಬೆಕ್ಕಿಗೆ ಬೇರೆ ಆಹಾರ ಬೇಕಾಗಬಹುದು. ಆದುದರಿಂದ ರಕ್ತಪರೀಕ್ಷೆಯ ನಂತರವೇ ಪಶುವೈದ್ಯರು ಆಹಾರವನ್ನು ಸೂಚಿಸುತ್ತಾರೆ.

4 ಕಿಲೋಗ್ರಾಂ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ ಶಕ್ತಿ ಬೇಕು. ಹಿಂದಿನ ಉದಾಹರಣೆಯ ಒಣ ಆಹಾರವಾದರೆ ಇದಕ್ಕೆ 60 ಗ್ರಾಂ ಸಾಕು. ತೇವ ಆಹಾರವಾದರೆ ಸುಮಾರು 235 ಗ್ರಾಂ ಬೇಕಾಗುತ್ತದೆ. ಒಣ ಆಹಾರದ ಅಳತೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಅಷ್ಟೇ ತೂಕದ ತೇವ ಆಹಾರವನ್ನು ಕೊಟ್ಟರೆ ಬೆಕ್ಕಿಗೆ ಅಗತ್ಯದ ಸುಮಾರು ಕಾಲು ಭಾಗ ಮಾತ್ರ ಸಿಗುತ್ತದೆ. ಅರೆಹೊಟ್ಟೆಯ ಬೆಕ್ಕಿಗೆ ಹಿಂದಿನಷ್ಟೇ ಇನ್ಸುಲಿನ್ ಚುಚ್ಚಿದಾಗ ಸಕ್ಕರೆ ಕುಸಿಯುತ್ತದೆ.

ಬದಲಾವಣೆಯ ಹಂತಗಳು

ಎಲ್ಲವನ್ನೂ ತಿನ್ನುವ ಬೆಕ್ಕು ಒಂದೆರಡು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಆಯ್ದು ತಿನ್ನುವ ಬೆಕ್ಕಿಗೆ ತಿಂಗಳುಗಳೇ ಬೇಕಾಗಬಹುದು.

1. ಹೊತ್ತಿಗೆ ಸರಿಯಾದ ಊಟ: ಬಟ್ಟಲನ್ನು ದಿನವಿಡೀ ತುಂಬಿಡುವ ಬದಲು ಅದೇ ಒಣ ಆಹಾರವನ್ನು ದಿನಕ್ಕೆ ಮೂರು ನಾಲ್ಕು ಬಾರಿ ಅಳೆದು ಕೊಡಲಾಗುತ್ತದೆ. ಇದರಲ್ಲಿ ಎರಡು ಊಟಗಳು ಇನ್ಸುಲಿನ್ ಕೊಡುವ ಹೊತ್ತಿಗೆ ಹೊಂದಿಕೊಳ್ಳುವಂತೆ ಇರಬೇಕು. ಊಟದ ಹೊತ್ತಿಗೆ ಹಸಿವಾಗಿರುವ ಬೆಕ್ಕು ಹೊಸದನ್ನು ಪರೀಕ್ಷಿಸಲು ಹೆಚ್ಚು ಸಿದ್ಧವಾಗಿರುತ್ತದೆ.

2. ಪರಿಚಯ: ಒಂದು ಚಮಚ ತೇವ ಆಹಾರವನ್ನು ಬೇರೆ ತಟ್ಟೆಯಲ್ಲಿ, ಹಳೆಯ ಬಟ್ಟಲಿನ ಪಕ್ಕದಲ್ಲಿ ಇಡಲಾಗುತ್ತದೆ. ಬೆಕ್ಕು ಅದನ್ನು ತಿನ್ನದಿದ್ದರೂ ಚಿಂತೆಯಿಲ್ಲ. ಆ ವಾಸನೆ ಊಟದ ವಾಸನೆಯೆಂದು ಅದಕ್ಕೆ ರೂಢಿಯಾಗಬೇಕು. ಅಗಲವಾದ, ತಗ್ಗಾದ ತಟ್ಟೆ ಉತ್ತಮ.

3. ಬೆಸುಗೆ: ಒಣ ಆಹಾರದ ಕೆಲವು ಕಾಳುಗಳನ್ನು ಪುಡಿಮಾಡಿ ತೇವ ಆಹಾರದ ಮೇಲೆ ಉದುರಿಸಬಹುದು. ಬೇಯಿಸಿದ ಕೋಳಿಮಾಂಸದ ಎಳೆಗಳನ್ನೋ, ಉಪ್ಪು ಮತ್ತು ಮಸಾಲೆ ಹಾಕದ ಬೇಯಿಸಿದ ನೀರನ್ನೋ ಸ್ವಲ್ಪ ಸೇರಿಸಬಹುದು. ಈರುಳ್ಳಿ ಮತ್ತು ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡುವುದರಿಂದ ಮನೆಯ ಸಾರನ್ನು ಬಳಸಬಾರದು.

4. ಬೆಚ್ಚಗೆ ಮಾಡುವುದು: ತಟ್ಟೆಯನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಆಹಾರವನ್ನು ಮೈಬಿಸುಪಿನಷ್ಟು ಬೆಚ್ಚಗೆ ಮಾಡಿದರೆ ವಾಸನೆ ಹರಡುತ್ತದೆ.

5. ಪಾಲು ಬದಲಿಸುವುದು: ಬೆಕ್ಕು ತೇವ ಆಹಾರವನ್ನು ತಾನಾಗಿ ನೆಕ್ಕಲು ತೊಡಗಿದ ಮೇಲೆ ದಿನದ ಒಟ್ಟು ಶಕ್ತಿಯ ಹತ್ತನೆಯ ಒಂದು ಭಾಗವನ್ನು ಅದರಿಂದ ಕೊಟ್ಟು, ಅಷ್ಟೇ ಶಕ್ತಿಯ ಒಣ ಆಹಾರವನ್ನು ಕಡಿಮೆ ಮಾಡಲಾಗುತ್ತದೆ. ಮೂರು ನಾಲ್ಕು ದಿನ ಊಟ, ಮಲ ಮತ್ತು ರಕ್ತದ ಸಕ್ಕರೆ ಸರಿಯಾಗಿದ್ದರೆ ಮುಂದಿನ ಹೆಜ್ಜೆ. ಬೆಕ್ಕು ಊಟವನ್ನು ಕಡಿಮೆ ಮಾಡಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು.

ಹಸಿವೆಗೆ ಸೋತು ತಿನ್ನಲಿ ಎಂದು ಬೆಕ್ಕನ್ನು ಉಪವಾಸ ಕೆಡವುವುದು, ಬಾಯಿ ಬಿಡಿಸಿ ತುರುಕುವುದು ಎರಡೂ ಸಲ್ಲದು. ಎಷ್ಟು ಪ್ರಯತ್ನಿಸಿದರೂ ತೇವ ಆಹಾರವನ್ನು ಒಪ್ಪದ ಬೆಕ್ಕಿಗೆ ಪಿಷ್ಟ ಕಡಿಮೆ ಇರುವ, ಮಧುಮೇಹಕ್ಕೆಂದೇ ತಯಾರಿಸಿದ ಒಣ ಆಹಾರಗಳಿವೆ. ಅರ್ಧ ತೇವ, ಅರ್ಧ ಒಣ ಎಂಬ ಸ್ಥಿತಿಯಲ್ಲಿಯೇ ನಿಂತರೂ ಪ್ರಯೋಜನವಿದೆ. ಪ್ರತಿದಿನವೂ ಅದೇ ಪ್ರಮಾಣ ಇರಬೇಕಷ್ಟೆ.

ಇನ್ಸುಲಿನ್ ಪ್ರಮಾಣ ಮತ್ತು ಸಿರಿಂಜು

ಪಿಷ್ಟ ಕಡಿಮೆಯಾದಂತೆ ಬೆಕ್ಕಿಗೆ ಬೇಕಾದ ಇನ್ಸುಲಿನ್ ಪ್ರಮಾಣವೂ ಕಡಿಮೆಯಾಗಬಹುದು. ಕೆಲವೊಮ್ಮೆ ಕೆಲವೇ ದಿನಗಳಲ್ಲಿ ಹೀಗಾಗುತ್ತದೆ. ಆದುದರಿಂದ ಆಹಾರದ ಪಾಲನ್ನು ಬದಲಿಸುವ ಪ್ರತಿ ಹಂತದಲ್ಲಿಯೂ ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು. ಕಿವಿಯ ಅಂಚಿನಲ್ಲಿ ಸೂಜಿಮೊನೆಯಿಂದ ಚುಚ್ಚಿ ಬರುವ ಒಂದು ಹನಿ ರಕ್ತದಿಂದ ಮನೆಯಲ್ಲಿಯೇ ಗ್ಲುಕೋಮೀಟರಿನಲ್ಲಿ ಪರೀಕ್ಷಿಸಬಹುದು. ಮನುಷ್ಯರ ಗ್ಲುಕೋಮೀಟರುಗಳು ಬೆಕ್ಕಿನ ರಕ್ತದಲ್ಲಿ ನೈಜ ಮಟ್ಟಕ್ಕಿಂತ ಕಡಿಮೆ ತೋರಿಸುವುದುಂಟು. ಆದುದರಿಂದ ಅಂಕಿಗಳನ್ನು ವೈದ್ಯರೊಂದಿಗೆ ಹೋಲಿಸಿ ನೋಡಬೇಕು. ಪ್ರಮಾಣವನ್ನು ಬದಲಿಸುವ ನಿರ್ಧಾರ ವೈದ್ಯರದು. ಬೆಕ್ಕು ಊಟ ಬಿಟ್ಟ ಹೊತ್ತಿನಲ್ಲಿ ಎಂದಿನ ಪೂರ್ಣ ಪ್ರಮಾಣವನ್ನು ಚುಚ್ಚದೆ ಮೊದಲು ಅವರನ್ನು ವಿಚಾರಿಸಬೇಕು.

ಭಾರತದಲ್ಲಿ ಸಿರಿಂಜಿನ ಗೊಂದಲವೂ ಒಂದು ಅಪಾಯ. ಇಲ್ಲಿನ ಔಷಧದ ಅಂಗಡಿಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ ಬಾಟಲಿಗಳೂ 100 ಯೂನಿಟ್ ಇರುವವೂ ದೊರೆಯುತ್ತವೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ, ಎರಡನೆಯದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜು ಬಳಸುವುದು ರೂಢಿ. ಬೆಕ್ಕುಗಳಿಗೆ ಸಾಮಾನ್ಯವಾಗಿ ಸೂಚಿಸುವ ಗ್ಲಾರ್ಜಿನ್ ಇನ್ಸುಲಿನ್ 100 ಯೂನಿಟ್ಟಿನದಾಗಿದ್ದರೆ, ಅದನ್ನು 40ರ ಸಿರಿಂಜಿನಲ್ಲಿ ಒಂದು ಗೆರೆಯವರೆಗೆ ಎಳೆದಾಗ ಒಂದು ಯೂನಿಟ್ ಬದಲು ಎರಡೂವರೆ ಯೂನಿಟ್ ಒಳಗೆ ಹೋಗುತ್ತದೆ. ಬೆಕ್ಕಿನ ಪುಟ್ಟ ದೇಹಕ್ಕೆ ಇದು ದೊಡ್ಡ ವ್ಯತ್ಯಾಸ.

ಅಪಾಯದ ಸೂಚನೆಗಳು

ಸಕ್ಕರೆ ಕುಸಿತ: ನಿಶ್ಶಕ್ತಿ, ತೂರಾಡುವ ನಡಿಗೆ, ನಡುಕ, ದಿಕ್ಕು ತೋಚದಂತಹ ನೋಟ, ಕೊನೆಗೆ ಸೆಳೆತ ಮತ್ತು ಪ್ರಜ್ಞಾಹೀನತೆ. ಬೆಕ್ಕು ನುಂಗಬಲ್ಲ ಸ್ಥಿತಿಯಲ್ಲಿದ್ದರೆ ತಕ್ಷಣ ತಿನ್ನಿಸಬೇಕು. ಇಲ್ಲವಾದರೆ ಸಕ್ಕರೆ ಪಾಕವನ್ನೋ ಜೇನುತುಪ್ಪವನ್ನೋ ಒಸಡಿಗೆ ಸ್ವಲ್ಪ ಸವರಿ, ವಿಳಂಬ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಪ್ರಜ್ಞೆಯಿಲ್ಲದ ಬೆಕ್ಕಿನ ಬಾಯಿಗೆ ದ್ರವವನ್ನು ಸುರಿಯಬಾರದು.

ಯಕೃತ್ತಿನಲ್ಲಿ ಕೊಬ್ಬು ಶೇಖರಣೆ: ಉಪವಾಸವಿದ್ದ ಬೆಕ್ಕಿನ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ. ದಪ್ಪ ಬೆಕ್ಕುಗಳಲ್ಲಿ ಕೆಲವೇ ದಿನಗಳ ಉಪವಾಸ ಇದಕ್ಕೆ ಸಾಕು. ಕಣ್ಣು, ಒಸಡು ಮತ್ತು ಕಿವಿಯ ಒಳಭಾಗ ಹಳದಿಯಾಗುತ್ತವೆ. ಮಧುಮೇಹಿ ಬೆಕ್ಕು 24 ಗಂಟೆ ಏನನ್ನೂ ತಿನ್ನದಿದ್ದರೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಕೀಟೋನ್ ಏರಿಕೆ: ಇನ್ಸುಲಿನ್ ಸಾಲದಾದಾಗ ದೇಹವು ಕೊಬ್ಬನ್ನು ಉರಿಸಿ ಕೀಟೋನುಗಳನ್ನು ಉಂಟುಮಾಡುತ್ತದೆ; ರಕ್ತ ಆಮ್ಲೀಯವಾಗುತ್ತದೆ. ವಾಂತಿ, ಆಹಾರ ಬಿಡುವುದು, ತೀವ್ರ ಬಳಲಿಕೆ ಇದರ ಲಕ್ಷಣಗಳು. 2022 ಮತ್ತು 2023ರಲ್ಲಿ ಅಮೆರಿಕದಲ್ಲಿ ಬೆಕ್ಕುಗಳಿಗಾಗಿ ಅನುಮೋದನೆ ಪಡೆದ ಬೆಕ್ಸಾಗ್ಲಿಫ್ಲೋಜಿನ್ ಮತ್ತು ವೆಲಾಗ್ಲಿಫ್ಲೋಜಿನ್ ಎಂಬ ಬಾಯಿಯ ಮೂಲಕ ಕೊಡುವ ಔಷಧಗಳನ್ನು ಬಳಸುವಾಗ ರಕ್ತದ ಸಕ್ಕರೆ ಹೆಚ್ಚಿಲ್ಲದಿದ್ದರೂ ಈ ಸ್ಥಿತಿ ಉಂಟಾಗಬಹುದು.

ಕರ್ನಾಟಕದ ಸಂದರ್ಭ

ಕರ್ನಾಟಕದ ಹಳ್ಳಿಗಳಲ್ಲಿ ಬೆಕ್ಕನ್ನು ಸಾಕುವುದು ಮುಖ್ಯವಾಗಿ ಇಲಿಗಳ ಕಾಟ ತಡೆಯಲು. ತುಂಗಭದ್ರಾ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಂತಹ ಊರುಗಳಲ್ಲಿ ಧಾನ್ಯವಿರುವ ಮನೆಗೆ ಬೆಕ್ಕು ಬೇಕಾದ ಪ್ರಾಣಿ. ಇಲಿ, ಹಲ್ಲಿಗಳನ್ನು ಹಿಡಿದು ತಿಂದು ಓಡಾಡುವ ಬೆಕ್ಕಿಗೆ ಮನೆಯವರು ಹಾಕುವ ಹಾಲನ್ನ ಮೇಲುತಿಂಡಿಯಷ್ಟೆ. ಆದರೆ ಮನೆಯೊಳಗೇ ಇರುವ ಬೆಕ್ಕಿಗೆ ಹಾಲನ್ನ, ಮೊಸರನ್ನ, ಹಾಲಿನಲ್ಲಿ ನೆನೆಸಿದ ರೊಟ್ಟಿ ಅಥವಾ ಬಿಸ್ಕತ್ತೇ ಪೂರ್ಣ ಆಹಾರವಾದಾಗ ಅದು ಒಣ ಆಹಾರಕ್ಕಿಂತಲೂ ಹೆಚ್ಚು ಪಿಷ್ಟವನ್ನು ತಿನ್ನುತ್ತದೆ. ಟಾರಿನ್ ಕೊರತೆಯೂ ಉಂಟಾಗುತ್ತದೆ. ಅನ್ನ ಮೆತ್ತಗೆ, ನೀರಾಗಿ ಇದ್ದರೂ ಮಧುಮೇಹದ ದೃಷ್ಟಿಯಿಂದ ಅದು ತೇವ ಆಹಾರವೆನಿಸುವುದಿಲ್ಲ. ಇಂತಹ ಬೆಕ್ಕಿಗೂ ಮೇಲಿನ ಹಂತಗಳೇ ಅನ್ವಯಿಸುತ್ತವೆ: ಅನ್ನದ ಪಾಲನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ಮಾಂಸದ ಪಾಲನ್ನು ಏರಿಸಬೇಕು.

ಸಸ್ಯಾಹಾರಿ ಕುಟುಂಬಗಳಲ್ಲಿ ಮಾಂಸವನ್ನು ಅಡುಗೆಮನೆಗೆ ತರುವುದು ಕಷ್ಟವೆನಿಸಿದಾಗ ಡಬ್ಬಿಯ ತೇವ ಆಹಾರವನ್ನು ಬೇರೆ ತಟ್ಟೆ, ಬೇರೆ ಚಮಚದಲ್ಲಿ ಅಡುಗೆಮನೆಯ ಹೊರಗೆ ಬಳಸಬಹುದು. ಮನೆಯಲ್ಲಿ ಬೇಯಿಸಿದ ಕೋಳಿಮಾಂಸವೊಂದರಲ್ಲೇ ಸುಣ್ಣದ ಅಂಶ ಸಾಲದು; ಮೀನೊಂದನ್ನೇ ಕೊಡುವುದೂ ಸಮತೋಲನವಲ್ಲ. ಮನೆಯ ಅಡುಗೆಯನ್ನೇ ಅವಲಂಬಿಸುವುದಾದರೆ ಸೇರಿಸಬೇಕಾದ ಪೋಷಕಾಂಶಗಳನ್ನು ವೈದ್ಯರಿಂದ ಬರೆಸಿಕೊಳ್ಳಬೇಕು.

ಬೇಸಿಗೆಯಲ್ಲಿ ಬಳ್ಳಾರಿ ಭಾಗದ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಅಂತಹ ಸೆಕೆಯಲ್ಲಿ ತೇವ ಆಹಾರ ಬೇಗ ಕೆಡುತ್ತದೆ, ಇರುವೆಗಳೂ ಮುತ್ತುತ್ತವೆ. ಸ್ವಲ್ಪ ಸ್ವಲ್ಪವೇ ಬಡಿಸಿ, ಉಳಿದುದನ್ನು ಒಂದು ಗಂಟೆಯೊಳಗೆ ತೆಗೆದುಬಿಡಬೇಕು. ತೆರೆದ ಡಬ್ಬಿಯನ್ನು ಮುಚ್ಚಿ ಶೀತಪೆಟ್ಟಿಗೆಯಲ್ಲಿಡಬೇಕು. ತಟ್ಟೆಯ ಸುತ್ತ ನೀರು ನಿಲ್ಲಿಸಿದರೆ ಇರುವೆ ಹತ್ತುವುದಿಲ್ಲ. ಇನ್ಸುಲಿನ್ ಕೂಡ ಸೆಕೆಯಲ್ಲಿ ಶಕ್ತಿಗುಂದುವುದರಿಂದ ಅದನ್ನು ಶೀತಪೆಟ್ಟಿಗೆಯಲ್ಲಿ, ಹೆಪ್ಪುಗಟ್ಟದ ಜಾಗದಲ್ಲಿ ಇಡಬೇಕು.

ಬೆಕ್ಕಿನ ಚಿಕಿತ್ಸೆಗೆ ತಾಲ್ಲೂಕು ಮತ್ತು ಜಿಲ್ಲಾ ಕೇಂದ್ರಗಳ ಪಶು ಆಸ್ಪತ್ರೆಗಳನ್ನು ಸಂಪರ್ಕಿಸಬಹುದು. 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಈಗ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿನ ಆಸ್ಪತ್ರೆಯಲ್ಲಿ ಸಾಕುನಾಯಿ ಮತ್ತು ಬೆಕ್ಕುಗಳಿಗೆ ಚಿಕಿತ್ಸೆ ದೊರೆಯುತ್ತದೆ.

ಫಲಿತಾಂಶ ಮತ್ತು ರೋಗಶಮನ

ತೇವ ಆಹಾರಕ್ಕೆ ಹೊಂದಿಕೊಂಡ ಬೆಕ್ಕು ಬಟ್ಟಲಿನಿಂದ ಕಡಿಮೆ ನೀರು ಕುಡಿಯುತ್ತದೆ, ಏಕೆಂದರೆ ಆಹಾರದಲ್ಲಿಯೇ ನೀರಿದೆ. ಆದುದರಿಂದ ನೀರು ಕುಡಿಯುವುದು ತಗ್ಗಿದ ಮಾತ್ರಕ್ಕೆ ಮಧುಮೇಹ ಹತೋಟಿಗೆ ಬಂತೆಂದು ತಿಳಿಯಬಾರದು. ತೂಕ ಸ್ಥಿರವಾಗುವುದು, ಮೂತ್ರದ ಪ್ರಮಾಣ ಇಳಿಯುವುದು, ಮೈಯ ಕೂದಲನ್ನು ಮತ್ತೆ ನೆಕ್ಕಿ ಶುಚಿಮಾಡಿಕೊಳ್ಳುವುದು, ಎತ್ತರಕ್ಕೆ ನೆಗೆಯುವುದು ಇವು ಹೆಚ್ಚು ನಂಬಬಹುದಾದ ಸೂಚನೆಗಳು. ದಪ್ಪ ಬೆಕ್ಕಿನ ತೂಕ ಇಳಿಸುವಾಗ ಇಳಿಕೆಯು ವಾರಕ್ಕೆ ದೇಹತೂಕದ ಶೇ. 2ನ್ನು ಮೀರಬಾರದು.

ಇನ್ಸುಲಿನ್ ಇಲ್ಲದೆಯೇ ಕನಿಷ್ಠ ನಾಲ್ಕು ವಾರ ರಕ್ತದ ಸಕ್ಕರೆ ಸಹಜವಾಗಿದ್ದರೆ ಅದನ್ನು ರೋಗಶಮನ ಎನ್ನುತ್ತಾರೆ. 63 ಮಧುಮೇಹಿ ಬೆಕ್ಕುಗಳನ್ನು ಕುರಿತು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 16 ವಾರಗಳ ನಂತರ ಪಿಷ್ಟ ಮತ್ತು ನಾರು ಕಡಿಮೆ ಇರುವ ಡಬ್ಬಿ ಆಹಾರ ತಿಂದ ಬೆಕ್ಕುಗಳಲ್ಲಿ ಶೇ. 68 ಮಧುಮೇಹದಿಂದ ಹೊರಬಂದಿದ್ದವು. ಪಿಷ್ಟ ಮಧ್ಯಮವಾಗಿಯೂ ನಾರು ಹೆಚ್ಚಾಗಿಯೂ ಇದ್ದ ಡಬ್ಬಿ ಆಹಾರ ತಿಂದವುಗಳಲ್ಲಿ ಈ ಪ್ರಮಾಣ ಶೇ. 41. ಎರಡೂ ಗುಂಪುಗಳು ತಿಂದದ್ದು ಡಬ್ಬಿಯ ಆಹಾರವನ್ನೇ ಆದುದರಿಂದ, ನೀರಿನ ಅಂಶವಷ್ಟೇ ಅಲ್ಲದೆ ಪಿಷ್ಟದ ಪ್ರಮಾಣವೂ ಮುಖ್ಯವೆಂದು ತಿಳಿಯುತ್ತದೆ. ರೋಗ ಪತ್ತೆಯಾದ ಮೊದಲ ಆರು ತಿಂಗಳುಗಳಲ್ಲಿ ಬಿಗಿಯಾದ ಚಿಕಿತ್ಸೆ ಆರಂಭಿಸಿದರೆ ಶಮನದ ಸಾಧ್ಯತೆ ಹೆಚ್ಚು.

ಶಮನವಾದ ಬೆಕ್ಕು ಗುಣಮುಖವಾದ ಬೆಕ್ಕಲ್ಲ. ಅದರ ಮೇದೋಜೀರಕ ಗ್ರಂಥಿಯ ಶಕ್ತಿ ಕುಂದಿಯೇ ಇರುತ್ತದೆ. ಒಣ ಆಹಾರಕ್ಕೆ ಅಥವಾ ಅನ್ನಕ್ಕೆ ಮರಳಿದರೆ, ಮತ್ತೆ ಕೊಬ್ಬಿದರೆ, ಅಥವಾ ಸ್ಟೀರಾಯ್ಡ್ ಕೊಟ್ಟರೆ ರೋಗ ಮರುಕಳಿಸಬಹುದು. ಆದುದರಿಂದ ಶಮನದ ನಂತರವೂ ಅದೇ ಆಹಾರವನ್ನು ಮುಂದುವರಿಸಿ, ತೂಕವನ್ನೂ ರಕ್ತದ ಸಕ್ಕರೆಯನ್ನೂ ಆಗಾಗ್ಗೆ ಪರೀಕ್ಷಿಸುತ್ತಿರಬೇಕು.